ತಿರಸ್ಕೃತ: ಸೀಲು ತಲೆಕೆಳಗಾಗಿದೆ

ಮಳೆ ನಿಂತ ಮೇಲೆ ಹಾಸನದಲ್ಲಿ ಎರಡು ಕೆಲಸ ಜೋರಾಗಿ ನಡೆಯುತ್ತವೆ. ಒಂದು, ರಸ್ತೆಯ ಗುಂಡಿ ಲೆಕ್ಕ ಹಾಕುವುದು. ಇನ್ನೊಂದು, ಆ ಗುಂಡಿ ಮುಚ್ಚಲು ಬಂದವರನ್ನು ವಾಪಸ್ ಕಳಿಸುವುದು. ಮೊದಲನೆಯದಕ್ಕೆ ಒಬ್ಬ ಎಂಜಿನಿಯರ್ ಸಾಕು, ಬೈಕ್ ಮೇಲೆ ಕೂತೇ ಮುಗಿಸುತ್ತಾರೆ. ಎರಡನೆಯದಕ್ಕೆ ಟೆಂಡರ್ ಪರಿಶೀಲನಾ ಸಮಿತಿಯೇ ಬೇಕು.

ಸಂಜೆ ಹೊತ್ತು ಸಾಲಗಾಮೆ ರಸ್ತೆ ಕಡೆಯ ಯಾವುದಾದರೂ ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಟೆಂಡರಿನ ಕೊನೆಯ ದಿನವಾಗಿದ್ದರೆ ಒಬ್ಬರಾದರೂ ಸಣ್ಣ ಗುತ್ತಿಗೆದಾರರು ಅಲ್ಲಿ ಸ್ಟೂಲಿನ ಮೇಲೆ ಕೂತು ಹಾಳೆಗೆ ಸೀಲು ಒತ್ತುತ್ತಿರುತ್ತಾರೆ. ಟೆಂಡರ್ ಈಗ ಆನ್‌ಲೈನ್. ಅಂದರೆ ಏನು? ಆನ್‌ಲೈನಿನಲ್ಲಿ ಬಂದ ದಾಖಲೆಯನ್ನು ಪ್ರಿಂಟ್ ತೆಗೆಯಬೇಕು, ಪುಟ ಪುಟಕ್ಕೂ ಪೆನ್ನಿನಲ್ಲಿ ಸಹಿ ಹಾಕಬೇಕು, ಸೀಲು ಒತ್ತಬೇಕು, ಮತ್ತೆ ಅಷ್ಟನ್ನೂ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಬೇಕು, ಅದರ ಮೇಲೆ ಡಾಂಗಲ್ ಸಿಕ್ಕಿಸಿ ಡಿಜಿಟಲ್ ಸಹಿ ಬೇರೆ ಹಾಕಬೇಕು. ಕಾಗದ ಉಳಿಸಲಿಕ್ಕೆ ಬಂದ ವ್ಯವಸ್ಥೆ, ಸ್ವಾಮಿ. ಜೆರಾಕ್ಸ್ ಅಂಗಡಿಯವರ ಮಕ್ಕಳು ಎಂಜಿನಿಯರಿಂಗ್ ಓದುತ್ತಿದ್ದಾರೆ.

ನನಗೆ ಪರಿಚಯದ ಒಬ್ಬರು ಗುತ್ತಿಗೆದಾರರಿದ್ದಾರೆ. ಗೌಡರು ಅಂತಲೇ ಇಟ್ಟುಕೊಳ್ಳಿ, ಹಾಸನದಲ್ಲಿ ಗೌಡರು ಅಂದರೆ ಯಾರು ಅಂತ ಗೊತ್ತಾಗುವುದಿಲ್ಲ. ಒಂದು ಚರಂಡಿ ಕಾಮಗಾರಿಗೆ ಟೆಂಡರ್ ಹಾಕಿದ್ದರು. ಯಾವ ಇಲಾಖೆ ಅಂತ ಹೇಳುವುದಿಲ್ಲ, ಹೇಳಿದರೆ ಉಳಿದ ಇಲಾಖೆಯವರಿಗೆ ಬೇಜಾರಾಗುತ್ತದೆ. ದರ ನೋಡುವ ಮೊದಲು ಅರ್ಹತೆ ನೋಡುತ್ತಾರಲ್ಲ, ಆ ಟೆಕ್ನಿಕಲ್ ಬಿಡ್‌ನಲ್ಲೇ ಹೊರಗೆ. ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು, ಅಫಿಡವಿಟ್ಟಿನಲ್ಲಿ ಸೀಲು ತಲೆಕೆಳಗಾಗಿದೆ. ನೋಟರಿಯ ಸೀಲಲ್ಲ, ಇವರದ್ದೇ ಸೀಲು. ‘ತಿರುಗಿಸಿ ಓದಿದರೆ ನೆಟ್ಟಗಾಗುತ್ತಲ್ಲ ಸಾರ್’ ಅಂದರಂತೆ. ‘ತಿರುಗಿಸಿದ್ರೆ ಉಳಿದ ಅಕ್ಷರ ತಲೆಕೆಳಗಾಗುತ್ತಲ್ಲ ಗೌಡ್ರೇ’ ಅಂದರಂತೆ ಕೇಸ್ ವರ್ಕರ್. ಅದೂ ನಿಜವೇ, ಅಲ್ವಾ.

ಎರಡನೇ ಕಾರಣ ಸ್ವಲ್ಪ ಭಾರದ್ದು: ಟೆಂಡರ್ ಸಾಮರ್ಥ್ಯ ಸಾಲದು. ಇದಕ್ಕೊಂದು ಸೂತ್ರವಿದೆ, ಕೆಡಬ್ಲ್ಯು-4 ಎಂಬ ಮಾದರಿ ಟೆಂಡರ್ ದಾಖಲೆಯಲ್ಲೇ ಅಚ್ಚಾಗಿದೆ. ‘ಎ’ಯನ್ನು ‘ಎನ್’ನಿಂದ ಗುಣಿಸಿ, ಅದನ್ನು 1.5ರಿಂದ ಗುಣಿಸಿ, ಬಂದದ್ದರಲ್ಲಿ ‘ಬಿ’ಯನ್ನು ಕಳೆಯಬೇಕು. ‘ಎ’ ಅಂದರೆ ಕಳೆದ ಐದು ವರ್ಷದಲ್ಲಿ ಯಾವುದಾದರೂ ಒಂದು ವರ್ಷ ನೀವು ಮಾಡಿದ ಅತಿ ಹೆಚ್ಚು ಕೆಲಸದ ಮೊತ್ತ. ‘ಎನ್’ ಅಂದರೆ ಈ ಕಾಮಗಾರಿ ಮುಗಿಸಲು ಕೊಟ್ಟ ವರ್ಷಗಳು. ‘ಬಿ’ ಅಂದರೆ ನಿಮ್ಮ ಕೈಯಲ್ಲಿ ಇನ್ನೂ ಬಾಕಿ ಇರುವ ಕೆಲಸ. ಗೌಡರ ‘ಎ’ 1 ಕೋಟಿ. ಕಾಮಗಾರಿಗೆ ಆರು ತಿಂಗಳು, ಅಂದರೆ ‘ಎನ್’ ಅರ್ಧ. ಗುಣಿಸಿದರೆ 75 ಲಕ್ಷ. ಚರಂಡಿ 50 ಲಕ್ಷದ್ದು. ಆರಾಮಾಗಿ ಸಾಕಿತ್ತು. ಆದರೆ ‘ಬಿ’ಯಲ್ಲಿ 40 ಲಕ್ಷ ಕೂತಿತ್ತು. ಉಳಿದದ್ದು 35. ತಿರಸ್ಕೃತ.

ಆ 40 ಲಕ್ಷದ ಕೆಲಸ ಯಾಕೆ ಬಾಕಿ ಇತ್ತು ಕೇಳಿ. ಹೋದ ವರ್ಷ ಇದೇ ಇಲಾಖೆಯ ರಸ್ತೆ ಕೆಲಸ ಹಿಡಿದಿದ್ದರು. ರಸ್ತೆಯ ಮಧ್ಯೆ ಕರೆಂಟ್ ಕಂಬಗಳಿದ್ದವು. ಕಂಬ ತೆಗೆಸಿಕೊಡಿ ಅಂತ ಇವರು ಅರ್ಜಿ ಕೊಟ್ಟರು, ಇಲಾಖೆ ಕಂಬದವರಿಗೆ ಬರೆಯಿತು, ಕಂಬದವರು ಎಸ್ಟಿಮೇಟ್ ಕಳಿಸಿದರು, ಎಸ್ಟಿಮೇಟಿನ ದುಡ್ಡು ಯಾರು ಕಟ್ಟಬೇಕು ಅಂತ ಕಡತ ಇನ್ನೂ ಓಡಾಡುತ್ತಿದೆ, ಕಂಬ ಮಾತ್ರ ನಿಂತಲ್ಲೇ ನಿಂತಿದೆ. ಕಂಬ ತೆಗೆಸಿಕೊಡದ ಇಲಾಖೆಯೇ ‘ನಿಮ್ಮ ಕೈಯಲ್ಲಿ ಕೆಲಸ ಬಾಕಿ ಇದೆ, ನಿಮಗೆ ಸಾಮರ್ಥ್ಯವಿಲ್ಲ’ ಅಂತ ಷರಾ ಬರೆದು ಸಹಿ ಹಾಕಿತು. ಒಂದೇ ಟೇಬಲ್ಲು, ಒಂದೇ ಪೆನ್ನು. ಇದಕ್ಕೆಲ್ಲ ಎದೆಗಾರಿಕೆ ಬೇಕು.

ಬುದ್ಧಿವಂತರು ‘ಬಿ’ ಕಾಲಂ ಬಂದಾಗ ಮರೆವಿನ ಕಾಯಿಲೆಗೆ ಬೀಳುತ್ತಾರೆ. ಬಾಕಿ ಕೆಲಸ: ಇಲ್ಲ. ಸುಳ್ಳು ಮಾಹಿತಿ ಕೊಟ್ಟರೆ ಅನರ್ಹ ಅಂತಲೂ ಅದೇ ದಾಖಲೆಯಲ್ಲಿದೆ, ಆದರೆ ಅದನ್ನು ಕಂಡುಹಿಡಿಯಲು ಪಕ್ಕದ ಕಪಾಟು ತೆಗೆಯಬೇಕು. ಕಪಾಟಿನ ಬೀಗದ ಕೈ ಯಾವಾಗಲೂ ಟ್ರೈನಿಂಗಿಗೆ ಹೋದವರ ಹತ್ತಿರವೇ ಇರುತ್ತದೆ.

ಕೋರ್ಟಿಗೆ ಹೋಗಬಹುದಲ್ಲ ಅನ್ನುವವರಿದ್ದಾರೆ. ಹೋಗಬಹುದು. 1991ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಪೊದ್ದಾರ್ ಸ್ಟೀಲ್ ಪ್ರಕರಣ ಬಂತು. ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನ ಟೆಂಡರ್. ಇಎಂಡಿಯನ್ನು, ಅಂದರೆ ಟೆಂಡರಿನ ಜೊತೆ ಇಡುವ ಠೇವಣಿಯನ್ನು, ನಗದಾಗಿ ಕೊಡಿ, ಇಲ್ಲವೇ ಸ್ಟೇಟ್ ಬ್ಯಾಂಕಿನ ಡಿಡಿ ಕೊಡಿ ಅಂತ ಷರತ್ತು. ಪೊದ್ದಾರ್ ಸ್ಟೀಲ್‌ನವರು ಯೂನಿಯನ್ ಬ್ಯಾಂಕಿನ ಚೆಕ್ ಕೊಟ್ಟಿದ್ದರು, ಹಣಕ್ಕೆ ಬ್ಯಾಂಕೇ ಖಾತ್ರಿ ಕೊಟ್ಟ ಚೆಕ್ಕು. ಇಂಥ ಸಣ್ಣ ಲೋಪಗಳನ್ನು ಇಲಾಖೆ ಮನ್ನಿಸಬಹುದು, ಎಲ್ಲ ಷರತ್ತೂ ಒಂದೇ ತೂಕದ್ದಲ್ಲ ಅಂತ ಕೋರ್ಟ್ ಹೇಳಿತು. 2016ರಲ್ಲಿ ಸೆಂಟ್ರಲ್ ಕೋಲ್‌ಫೀಲ್ಡ್ಸ್ ಪ್ರಕರಣ ಬಂತು. ಅಲ್ಲಿ ಬ್ಯಾಂಕ್ ಗ್ಯಾರಂಟಿ ಇತ್ತು, ಆದರೆ ಟೆಂಡರಿನಲ್ಲಿ ಹೇಳಿದ ನಮೂನೆಯಲ್ಲಿ ಇರಲಿಲ್ಲ. ತಿರಸ್ಕರಿಸಿದ್ದು ಸರಿ ಅಂತ ಅದೇ ಸುಪ್ರೀಂ ಕೋರ್ಟ್ ಹೇಳಿತು. ಎರಡಕ್ಕೂ ಅವುಗಳದ್ದೇ ಆದ ತರ್ಕವಿದೆ, ಅದು ಬೇರೆ ಮಾತು. ನಮ್ಮ ಕಚೇರಿಗಳಲ್ಲಿ ಮೊದಲ ತೀರ್ಪು ಎಡಗಡೆ ಡ್ರಾಯರಿನಲ್ಲಿರುತ್ತದೆ, ಎರಡನೆಯದು ಬಲಗಡೆ. ಬಾಗಿಲಲ್ಲಿ ಯಾರು ನಿಂತಿದ್ದಾರೆ ಅಂತ ನೋಡಿಕೊಂಡು ಡ್ರಾಯರ್ ಎಳೆಯುತ್ತಾರೆ.

ಇನ್ನು ಎಲ್ಲರ ಟೆಂಡರನ್ನೂ ಒಟ್ಟಿಗೆ ತಿರಸ್ಕರಿಸುವುದೂ ಇದೆ. ಸರ್ಕಾರಿ ಟೆಂಡರುಗಳಿಗೆ ಇರುವ 1999ರ ಪಾರದರ್ಶಕತೆ ಕಾಯ್ದೆ, ನಾವು ಕೆಟಿಪಿಪಿ ಅನ್ನುತ್ತೇವಲ್ಲ, ಅದರ 14ನೇ ಸೆಕ್ಷನ್. ಕಾಮಗಾರಿಯ ವ್ಯಾಪ್ತಿ ಬದಲಾದರೆ, ಬರಬೇಕಾದ ದುಡ್ಡು ಬಾರದಿದ್ದರೆ, ಅಪಘಾತ ಅಥವಾ ವಿಕೋಪ ಆದರೆ ಎಲ್ಲವನ್ನೂ ತಳ್ಳಿಹಾಕಬಹುದು. ನೋಡಿ, ‘ದುಡ್ಡಿಲ್ಲ’ ಅಂತ ಬರೆಯಲು ಕಾನೂನೇ ಜಾಗ ಕೊಟ್ಟಿದೆ. ಆದರೂ ಯಾವ ಕಚೇರಿಯೂ ಅಷ್ಟು ಬಾಯಿಬಿಟ್ಟು ಹೇಳುವುದಿಲ್ಲ. ‘ಆಡಳಿತಾತ್ಮಕ ಕಾರಣ’ ಅನ್ನುತ್ತಾರೆ. ನನಗನ್ನಿಸುವ ಪ್ರಕಾರ, ಬೇಕಾದವರು ಎಲ್ ಒನ್, ಅಂದರೆ ಅತಿ ಕಡಿಮೆ ದರದವರು, ಆಗದೆ ಹೋಗುವುದನ್ನು ವಿಕೋಪದ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ಇಷ್ಟೆಲ್ಲ ತಾಪತ್ರಯವೇ ಬೇಡ ಅನ್ನುವವರಿಗೆ ಅದೇ ಕಾಯ್ದೆಯ 4(ಜಿ) ಇದೆ, ಸರ್ಕಾರ ಒಂದು ಅಧಿಸೂಚನೆ ಹೊರಡಿಸಿದರೆ ಟೆಂಡರೇ ಬೇಡ. ತಿರಸ್ಕರಿಸಲು ಜನವೇ ಇಲ್ಲದ ಮೇಲೆ ಪಾರದರ್ಶಕತೆ ತಾನಾಗಿ ಬರುತ್ತದೆ.

ತಿರಸ್ಕೃತರಾದ ಮೇಲೆ ಇಎಂಡಿ ವಾಪಸ್ ಬರಬೇಕು. ನಮ್ಮ ಹಾಸನಾಂಬೆ ವರ್ಷಕ್ಕೊಂದೇ ಸಲ ಬಾಗಿಲು ತೆಗೆಯುತ್ತಾಳೆ, ಹೋದ ವರ್ಷ ಇಟ್ಟ ಹೂವು ಬಾಡಿರುವುದಿಲ್ಲ, ಹಚ್ಚಿದ ದೀಪ ಆರಿರುವುದಿಲ್ಲ ಅಂತ ನಂಬಿಕೆ. ಗೌಡರ ಇಎಂಡಿಯೂ ಹಾಗೆಯೇ, ಹೋದಾಗಲೆಲ್ಲ ಇಟ್ಟಲ್ಲೇ ಇದೆ, ಒಂದು ರೂಪಾಯಿಯೂ ಬಾಡಿಲ್ಲ.

ಅದೇ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಗೌಡರು ಹಾಕಿದರು. ಆ ಕಡೆ ವಿಚಾರಣೆಗೆ ದಿನಾಂಕ ಸಿಗುವುದರೊಳಗೆ ಈ ಕಡೆ ವರ್ಕ್ ಆರ್ಡರ್ ಹೋಗಿತ್ತು. ಗೆದ್ದವರು ಎಲ್ಲ ರೀತಿಯಲ್ಲೂ ಅರ್ಹರು. ಪುಟ ಸಂಖ್ಯೆ ಸರಿ ಇದೆ, ಸೀಲು ನೆಟ್ಟಗಿದೆ, ಬಾಕಿ ಕೆಲಸ ಸೊನ್ನೆ. ಒಂದೇ ಕೊರತೆ ಅಂದರೆ ಚರಂಡಿ ಮಾಡುವ ಆಳಿಲ್ಲ, ಕಾಂಕ್ರೀಟ್ ಮಿಕ್ಸರಿಲ್ಲ, ಮೇಸ್ತ್ರಿ ಇಲ್ಲ. ಅದು ಕಾಲಂನಲ್ಲಿ ಬರುವುದಿಲ್ಲ. ಬಂದರೂ ಬಾಡಿಗೆ ಕರಾರು ಪತ್ರ ಲಗತ್ತಿಸಿದರೆ ಸಾಕು.

ಮೊನ್ನೆ ಆ ಕಡೆ ಹೋದಾಗ ಚರಂಡಿ ಕೆಲಸ ಶುರುವಾಗಿತ್ತು. ನೋಡಿದರೆ ಗೌಡರೇ ನಿಂತಿದ್ದಾರೆ, ಪ್ಯಾಂಟಿಗೆಲ್ಲ ಸಿಮೆಂಟು. ಗೆದ್ದವರು ಟೆಂಡರ್ ರೇಟಿಗಿಂತ ಕಡಿಮೆಗೆ ಇವರಿಗೇ ತುಂಡು ಗುತ್ತಿಗೆ ಕೊಟ್ಟಿದ್ದಾರಂತೆ.

‘ಮತ್ತೆ ಎ, ಎನ್, ಬಿ ಎಲ್ಲ ಏನಾಯ್ತು ಗೌಡ್ರೇ?’ ಅಂದೆ.

‘ಅದನ್ನೆಲ್ಲ ಅವರು ಕೇಳ್ಲಿಲ್ಲ ಸಾರ್. ಮಿಕ್ಸರ್ ಇದೆಯಾ ಅಂದ್ರು, ಇದೆ ಅಂದೆ.’