ಅಜ್ಜನ ಎರಡನೇ ತಾರೀಖು

ಡಿಸೆಂಬರ್ 17 ಬಂದರೆ ಅಪ್ಪನ ವಾಟ್ಸಾಪ್ ಗ್ರೂಪಿನಲ್ಲಿ ಪಿಂಚಣಿದಾರರ ದಿನದ ಶುಭಾಶಯಗಳ ಸುರಿಮಳೆ. ಅದೇ ದಿನ ಯಾಕೆ ಅಂತ ಕೇಳಿದರೆ ಗ್ರೂಪಿನಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ನನಗೆ ಗೊತ್ತಾಗಿದ್ದು ಅಜ್ಜನಿಂದ.

ಅಜ್ಜ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. 1979ರ ಫೆಬ್ರವರಿ 28ಕ್ಕೆ ರಿಟೈರ್ ಆದರು. ಪಕ್ಕದ ಮೇಜಿನವರು ಮಾರ್ಚ್ 31ಕ್ಕೆ. ಒಂದನೇ ತಾರೀಖು ಇಬ್ಬರೂ ಜೊತೆಗೆ ಹೋಗಿ ಪಿಂಚಣಿ ತಂದು, ಹೋಟೆಲಿನಲ್ಲಿ ಕಾಫಿ ಕುಡಿದು ಬರುತ್ತಿದ್ದರಂತೆ. ಮೇ ತಿಂಗಳಲ್ಲಿ ಹೊಸ ಆದೇಶ ಬಂತು. ಕೊನೆಯ 36 ತಿಂಗಳ ಬದಲು ಕೊನೆಯ 10 ತಿಂಗಳ ಸರಾಸರಿ ಸಂಬಳದ ಮೇಲೆ ಪಿಂಚಣಿ. ಹಳೆಯ ಕಡಿಮೆ ಸಂಬಳ ಲೆಕ್ಕದಿಂದ ಬಿದ್ದುಹೋಗುವುದರಿಂದ ಕೈಗೆ ಜಾಸ್ತಿ ಬರುತ್ತದೆ. ಆದರೆ ಮಾರ್ಚ್ 31ಕ್ಕೆ ಕೆಲಸದಲ್ಲಿದ್ದು, ಅಂದು ಅಥವಾ ಆಮೇಲೆ ರಿಟೈರ್ ಆದವರಿಗೆ ಮಾತ್ರ. ಅವತ್ತಿನಿಂದ ಅಜ್ಜ ಎರಡನೇ ತಾರೀಖು ಒಬ್ಬರೇ ಹೋಗಲು ಶುರು ಮಾಡಿದರು.

ಸುಪ್ರೀಂ ಕೋರ್ಟಿಗೆ ಹೋದವರು ಡಿ.ಎಸ್. ನಕಾರ. 1972ರಲ್ಲೇ ರಕ್ಷಣಾ ಸಚಿವಾಲಯದಿಂದ ನಿವೃತ್ತರಾದ ಅಧಿಕಾರಿ. ಐವರ ಪೀಠ 1982ರ ಡಿಸೆಂಬರ್ 17ರಂದು ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಡಿ.ಎ. ದೇಸಾಯಿ.

ಕೋರ್ಟು ಮಾಡಿದ್ದು ನೋಡಿದರೆ ಎಷ್ಟು ಸಣ್ಣ ಕೆಲಸ! ಇಷ್ಟು ರೂಪಾಯಿ ಕೊಡಿ ಅನ್ನಲಿಲ್ಲ. ಲೆಕ್ಕ ಸರ್ಕಾರದ್ದೇ, ಆದೇಶವೂ ಸರ್ಕಾರದ್ದೇ. ಈ ತಾರೀಖೇ ಯಾಕೆ ಅಂತ ಕೇಳಿತು. ಒಪ್ಪುವಂಥ ಉತ್ತರ ಸಿಗಲಿಲ್ಲ. ತಾರೀಖಿನ ಆ ನಾಲ್ಕು ಮಾತು ಹೊಡೆದುಹಾಕಿತು, ಹೊಸ ಲೆಕ್ಕ ಹಳಬರಿಗೂ ಸಿಕ್ಕಿತು. ಪಿಂಚಣಿ ಸರ್ಕಾರ ಕೃಪೆ ತೋರಿ ಕೊಡುವ ದಾನವಲ್ಲ ಎಂದಿತು. 1979ರ ಏಪ್ರಿಲ್‌ಗೆ ಮುಂಚಿನ ಬಾಕಿ ಮಾತ್ರ ಕೊಡಿಸಲಿಲ್ಲ. ಅಜ್ಜನಿಗೆ ಅದು ಒಂದೇ ತಿಂಗಳ ಮಾತು, ನಕಾರ ಅವರಿಗೆ ಸುಮಾರು ಏಳು ವರ್ಷದ್ದು.

ಖಜಾನೆಯ ವಿಷಯದಲ್ಲಿ ಕೋರ್ಟು ಯಾಕೆ ತಲೆ ಹಾಕಬೇಕು ಅನ್ನುವವರಿದ್ದಾರೆ. ಎಷ್ಟು ಬಡಿಸಬೇಕು ಅನ್ನೋದು ಸರ್ಕಾರಕ್ಕೆ ಬಿಟ್ಟಿದ್ದು, ಒಪ್ಪಿದೆ. ಆದರೆ ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬರ ಎಲೆಗೆ ತುಪ್ಪ, ಪಕ್ಕದವರಿಗೆ ಬರೀ ಅನ್ನ ಹಾಕಿದರೆ ಯಾಕೆ ಅಂತ ಯಾರಾದರೂ ಕೇಳಬೇಕಲ್ವಾ?

ಆ ತೀರ್ಪಿನ ಬೇಲಿಯನ್ನು ಆಮೇಲೆ ಕೋರ್ಟೇ ಒಳಗೆ ಎಳೆದುಕೊಂಡಿತು. ಪಿಂಚಣಿಯ ಬದಲು ಪಿಎಫ್ ಆರಿಸಿಕೊಂಡಿದ್ದ ರೈಲ್ವೆಯವರಿಗೆ ಅದು ಅನ್ವಯಿಸಲ್ಲ ಎಂದು 1990ರಲ್ಲಿ ಹೇಳಿತು. ಈಗ 2025ರ ಹಣಕಾಸು ಕಾಯ್ದೆಯಲ್ಲಿ, ರಿಟೈರ್ ಆದ ತಾರೀಖು ನೋಡಿ ಪಿಂಚಣಿದಾರರಲ್ಲಿ ವ್ಯತ್ಯಾಸ ಮಾಡುವ ಅಧಿಕಾರ ತನಗಿದೆ ಎಂದು ಕೇಂದ್ರ ಸರ್ಕಾರ ಬರೆಸಿಕೊಂಡಿದೆ. ನಾವೆಲ್ಲ ಆಗ ತೆರಿಗೆ ಸ್ಲ್ಯಾಬಿನ ಲೆಕ್ಕದಲ್ಲಿ ಮುಳುಗಿದ್ದೆವು. ನಾನೂ ಅಷ್ಟೇ, ಸುಳ್ಳು ಯಾಕೆ ಹೇಳಲಿ.

ನನ್ನದು ರಾಜ್ಯ ಸರ್ಕಾರದ ಶಾಲೆ. ಸ್ಟಾಫ್‌ರೂಮಿನಲ್ಲಿ ನನ್ನ ಪಕ್ಕದ ಮೇಡಂ ಸೇರಿದ್ದು 2006ರ ಜನವರಿಯಲ್ಲಿ, ನಾನು ಆಗಸ್ಟಿನಲ್ಲಿ. ಹೊಸ ಪಿಂಚಣಿ ಯೋಜನೆ ಶುರುವಾದ ಏಪ್ರಿಲ್ 1 ನಮ್ಮಿಬ್ಬರ ನಡುವೆ ಬಂತು. ಅವರಿಗೆ ಹಳೆ ಪಿಂಚಣಿ, ನನಗೆ ಎನ್‌ಪಿಎಸ್, ಅಂದರೆ ನಾನೂ ಸರ್ಕಾರವೂ ತಿಂಗಳು ತಿಂಗಳು ಕಟ್ಟಿದ ಹಣ ಬೆಳೆದಷ್ಟಕ್ಕೆ ತಕ್ಕ ಪಿಂಚಣಿ. ಸೇರುವಾಗಲೇ ಗೊತ್ತಿದ್ದ ಷರತ್ತು, ನಕಾರ ತೀರ್ಪು ಇಲ್ಲಿ ಕೆಲಸಕ್ಕೆ ಬರಲ್ಲ ಅಂತಲೂ ಗೊತ್ತು. ಆದರೂ ಸಂಬಳದ ಸ್ಲಿಪ್ಪು ಬಂದ ದಿನ ಮೇಡಂ ಕಾಫಿಗೆ ಕರೆದರೆ, ಅಜ್ಜನ ಹಾಗೆ 'ನೀವು ಹೋಗಿ, ಆಮೇಲೆ ಬರ್ತೀನಿ' ಅಂದುಬಿಡುತ್ತೇನೆ.