ಶುಂಠಿ ಬಿಸ್ಕತ್ತಿನ ಸ್ಟೇಷನ್ನಿನ ಉತ್ತರಕ್ರಿಯೆ

ಅಮೆರಿಕದಲ್ಲಿ ಡಿಸೆಂಬರ್ ಬಂತು ಅಂದರೆ ಹೋಟೆಲ್ಲು, ಆಫೀಸು, ಮಾಲು ಎಲ್ಲಾ ಕಡೆ ಜಿಂಜರ್‌ಬ್ರೆಡ್ ಮನೆಗಳು ಏಳುತ್ತವೆ. ಶುಂಠಿ, ದಾಲ್ಚಿನ್ನಿ, ಲವಂಗ, ಕಾಕಂಬಿ ಹಾಕಿ ಬೇಯಿಸಿದ ಗಟ್ಟಿ ಬಿಸ್ಕತ್ತೇ ಗೋಡೆ. ಸಕ್ಕರೆ ಪುಡಿಗೆ ಮೊಟ್ಟೆಯ ಬಿಳಿ ಸೇರಿಸಿ ಕಲಸಿದ ಐಸಿಂಗೇ ಸಿಮೆಂಟು. 2013ರಲ್ಲಿ ಟೆಕ್ಸಸ್‌ನ ಬ್ರಯಾನ್ ಊರಿನಲ್ಲಿ ಆಸ್ಪತ್ರೆಯೊಂದರ ಸಹಾಯಾರ್ಥ ಕಟ್ಟಿದ ಮನೆ 60 ಅಡಿ ಉದ್ದ, 42 ಅಡಿ ಅಗಲ ಇತ್ತು. ಬೆಂಗಳೂರಿನವರಿಗೆ ಥಟ್ಟನೆ ಅರ್ಥವಾಗುತ್ತೆ: ಫಾರ್ಟಿ ಸಿಕ್ಸ್ಟಿ ಸೈಟು, ಒಂದಿಂಚೂ ಸೆಟ್‌ಬ್ಯಾಕ್ ಬಿಟ್ಟಿಲ್ಲ, ಮೇಲೆ ಎರಡಡಿ ಒತ್ತುವರಿ. ಅದಕ್ಕೆ 7,200 ಮೊಟ್ಟೆ, 1,800 ಪೌಂಡ್ ಬೆಣ್ಣೆ ಹಿಡಿದಿತ್ತು.

ಇಂಥವು ನಿಂತಿರುವಾಗ ಫೋಟೊ ತೆಗೆಯೋರು ಬೇಕಾದಷ್ಟು ಜನ. ಜನವರಿಯಲ್ಲಿ ಇವೆಲ್ಲ ಎಲ್ಲಿಗೆ ಹೋಗುತ್ತವೆ ಅಂತ ನಾನಂತೂ ತಲೆ ಕೆಡಿಸಿಕೊಂಡಿರಲಿಲ್ಲ. ಒಂದು ನಮ್ಮ ಮನೆಗೇ ಬಂತು.

ನಮ್ಮ ಯಜಮಾನರ ಆಫೀಸಿನ ಲಾಬಿಯಲ್ಲಿ ಒಂದು ರೈಲ್ವೆ ಸ್ಟೇಷನ್ ಕಟ್ಟಿದ್ದರು. ಗಡಿಯಾರದ ಗೋಪುರ, ಸಕ್ಕರೆ ಮಿಠಾಯಿಯ ಕಿಟಕಿ, ಎಲ್ಲಾ ಇತ್ತು. ಹಬ್ಬ ಮುಗಿದ ಮೇಲೆ 'ಬೇಕಾದವರು ಒಯ್ಯಿರಿ' ಅಂತ ಮೇಲ್ ಬಂತು. ಪುಕ್ಕಟೆ ಅಂದ ಮೇಲೆ ಇವರು ಬಿಡುತ್ತಾರಾ? ಹಿಂದಿನ ಸೀಟಿನಲ್ಲಿ ಸ್ಟೇಷನ್ ಕೂರಿಸಿ, ಸೀಟ್‌ಬೆಲ್ಟ್ ಹಾಕಿ, ಹೀಟರ್ ಆಫ್ ಮಾಡಿ, ನ್ಯೂಜೆರ್ಸಿಯ ಚಳಿಯಲ್ಲಿ ತಾವು ನಡುಗುತ್ತಾ ತಂದರು.

ಮೈಸೂರಿಂದ ಬಂದಿದ್ದ ನಮ್ಮತ್ತೆಗೆ ಮೊದಲು ಖುಷಿಯೋ ಖುಷಿ. "ಶುಂಠಿ, ಲವಂಗ ಎಲ್ಲಾ ಇದೆ ಅಂತೀಯ. ಪುಡಿ ಮಾಡಿ, ತುಪ್ಪ ಹಾಕಿ ಉಂಡೆ ಕಟ್ಟಬಹುದಲ್ವೇನೇ?" ಅಂದರು. ಚಾವಣಿಯ ಮೇಲಿನ ಹಿಮ ಬೆರಳಲ್ಲಿ ಮುಟ್ಟಿ, "ಇದು ಬರೀ ಸಕ್ಕರೆ ತಾನೇ?"

"ಸಕ್ಕರೆ ಇದೆ ಅತ್ತೆ... ಮೊಟ್ಟೆನೂ ಇದೆ."

ಅತ್ತೆ ಬೆರಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಸಿಂಕಿಗೆ ನಡೆದರು. ವಾಪಸ್ ಬಂದವರೇ, ಸ್ಟೇಷನ್ನನ್ನು ದೇವರ ಗೂಡಿನ ಎದುರಿಂದ ಎತ್ತಬೇಕು ಅಂದರು. ಎತ್ತಿ ಎಲ್ಲಿಡೋದು? ಜಾಗ ಇದ್ದಿದ್ದು ಒಲೆ ಪಕ್ಕದ ಕಟ್ಟೆ ಮೇಲೆ ಮಾತ್ರ.

ಜಿಂಜರ್‌ಬ್ರೆಡ್ಡಿಗೆ ತೇವ ಆಗಿಬರಲ್ಲ. ಗಾಳಿಯ ಪಸೆ ಹೀರಿ ಮೆತ್ತಗಾಗುತ್ತೆ. ಸಂಜೆ ಬೇಳೆಗೆ ಕುಕ್ಕರ್ ಇಟ್ಟೆ. ಅದು ಕೂಗಿತು. ಸ್ಟೇಷನ್ ಅಂದ ಮೇಲೆ ಕೂಗೂ ಇರಲಿ ಅಂತ ಯಜಮಾನರು ನಕ್ಕರು. ಮತ್ತೆ ಕೂಗಿತು. ಗೋಪುರ ನಿಧಾನವಾಗಿ ಸಾರಿನ ಪಾತ್ರೆ ಕಡೆಗೆ ಬಾಗಿತು. ಕಿಟಕಿಗಳು ಅಂಟಂಟಾಗಿ ಇಳಿದವು. ಚಾವಣಿಯ ಒಂದು ಪಕ್ಕ ಜಾರಿ ಹುಣಸೆಹಣ್ಣಿನ ರಸಕ್ಕೆ ಬಿತ್ತು. ಆವತ್ತು ಮೊಸರನ್ನ ಉಂಡೆವು.

ಎಸೆಯೋಣ ಅಂದರೆ ಅತ್ತೆ ಬಿಡಲಿಲ್ಲ. "ಮೊಟ್ಟೆ ಹಾಕಿದ್ರೂ ಅನ್ನಪೂರ್ಣೆ ಅನ್ನಪೂರ್ಣೆನೇ. ಕಸದ ಡಬ್ಬಿಗೆ ಹಾಕಬಾರದು." ಹಾಗಂತ ತಿನ್ನೋಕಾಗುತ್ತಾ? ತಿಂಗಳಿಡೀ ಲಾಬಿಯ ಧೂಳು ಕುಡಿದಿದೆ. ಬಂದುಹೋದವರ ಮಕ್ಕಳೆಲ್ಲ ನೆಕ್ಕಿರುತ್ತಾರೆ. ಹಿತ್ತಲಲ್ಲಿಟ್ಟರೆ ರಾತ್ರಿ ಕಸ ಕೆದಕೋ ರಕೂನ್ ಪ್ರಾಣಿಗಳ ಸಂತೆ. ಆಮೇಲೆ ಕಾಲೊನಿಯವರ ನೋಟಿಸು.

ದೊಡ್ಡವರು ಏನು ಮಾಡ್ತಾರೆ ನೋಡೋಣ ಅಂತ ಓದುತ್ತಾ ಕೂತೆ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನ ಗ್ರ್ಯಾಂಡ್ ಫ್ಲಾರಿಡಿಯನ್ ಹೋಟೆಲ್ಲಿನಲ್ಲಿ ಜನ ನಿಂತು ಅಂಗಡಿ ನಡೆಸುವಷ್ಟು ದೊಡ್ಡ ಮನೆ ಕಟ್ಟುತ್ತಾರೆ. ಅದಕ್ಕೆ ಸಾವಿರ ಪೌಂಡಿಗೂ ಜಾಸ್ತಿ ಜೇನುತುಪ್ಪ ಬೇಕು. ಹಬ್ಬ ಮುಗಿದ ಮೇಲೆ ಅದರ ತುಂಡುಗಳನ್ನು ತಮ್ಮದೇ ಗಿಡಮರಗಳ ತೋಟಕ್ಕೆ ಒಯ್ದು ಬಿಚ್ಚಿಡುತ್ತಾರೆ. ಜೇನುಹುಳುಗಳು ಬಂದು ಐಸಿಂಗಿನ ಸಿಹಿ ಹೀರಿ ಒಳಗಿನ ಹಲಗೆ ಚೊಕ್ಕ ಮಾಡಿಕೊಡುತ್ತವೆ. ಇದನ್ನು ಓದಿ ಹೇಳಿದರೆ ಅತ್ತೆ, "ಸಕ್ಕರೆ ತಿನ್ನಿಸಿದ ಜೇನನ್ನ ನಮ್ಮಲ್ಲಿ ಕಲಬೆರಕೆ ಅಂತಾರೆ" ಅಂದರು.

ನ್ಯೂಯಾರ್ಕಿನ ಬಾಣಸಿಗ ಜಾನ್ ಲೊವಿಚ್ ಒಂದು ಇಡೀ ಊರನ್ನೇ ಕಟ್ಟಿ ಗಿನ್ನೆಸ್ ದಾಖಲೆ ಮಾಡಿದವರು. ಜನವರಿಯಲ್ಲಿ ಅದರ ಮನೆಗಳನ್ನು ಸುಮ್ನೆ ಹಂಚಿಬಿಡುತ್ತಾರೆ, ಜನ ಸಾಲು ನಿಂತು ಒಯ್ಯುತ್ತಾರೆ. ಬುದ್ಧಿವಂತ! ಆ ಸಾಲಿನ ಒಬ್ಬೊಬ್ಬರ ಅಡುಗೆಮನೆಯಲ್ಲೂ ಏನಾಗುತ್ತೆ ಅಂತ ನನಗೆ ಗೊತ್ತು.

ನನಗೆ ಹಿಡಿಸಿದ್ದು ಸ್ವೀಡನ್ನಿನವರ ರೀತಿ. ಅಲ್ಲಿ ಕ್ರಿಸ್‌ಮಸ್ ಮುಗಿಯೋದು ಜನವರಿ 13ಕ್ಕೆ. ಆವತ್ತು ಮಕ್ಕಳನ್ನು ಸೇರಿಸಿ ಮರದ ಅಲಂಕಾರ ಕಿತ್ತು, ಜಿಂಜರ್‌ಬ್ರೆಡ್ ಮನೆ ಒಡೆದು ತಿಂದು ಮುಗಿಸುತ್ತಾರೆ. ನೋಡಿದರೆ ಮಾರನೇ ದಿನವೇ ಸಂಕ್ರಾಂತಿ! ನಮ್ಮಲ್ಲೂ ಎಳ್ಳು ಬೀರುವಾಗ ಸಕ್ಕರೆ ಅಚ್ಚಿನ ಗೋಪುರ, ಆನೆ, ಗಿಳಿ ಮನೆಗೆ ಬಂದು ಬೀಳುತ್ತವೆ ಅಲ್ವಾ? ಒಳ್ಳೆ ಆನೆಯನ್ನು ಯಾರೂ ತಿನ್ನಲ್ಲ. ಡಬ್ಬಿಗೆ ಹಾಕಿಟ್ಟು, ಇರುವೆ ಹತ್ತಿದ ಮೇಲೆ ಯುಗಾದಿ ಹೊತ್ತಿಗೆ ಕಾಫಿಗೆ ಹಾಕಿ ಕರಗಿಸುತ್ತೇವೆ. ಬೆಂಗಳೂರಿನ ನನ್ನ ತಂಗಿ ಮನೆಯಲ್ಲಿ ಹೋದ ವರ್ಷದ ಗಿಳಿ ಇನ್ನೂ ಇದೆ.

ಹಾಗಾಗಿ ಮುಹೂರ್ತ ನಿಕ್ಕಿಯಾಯಿತು. ಪಕ್ಕದ ಮನೆ ಮಕ್ಕಳನ್ನು ಕರೆದೆ. ತಿನ್ನಬಾರದು, ಒಡೆಯಬಹುದು ಅಂತ ಹೇಳಿ ಲಟ್ಟಣಿಗೆ ಕೊಟ್ಟೆ. ಎಸೆಯೋದು ಪಾಪ ಅಂದ ಅತ್ತೆಗೆ ಒಡೆಯೋದರಲ್ಲಿ ತಕರಾರೇ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ಗೋಪುರಕ್ಕೆ ಕೊಡು, ಗೋಪುರಕ್ಕೆ!" ಅಂತ ಕನ್ನಡದಲ್ಲೇ ಹುರಿದುಂಬಿಸಿದರು. ಒಡೆದಿದ್ದೆಲ್ಲ ಗೊಬ್ಬರದ ತೊಟ್ಟಿ ಸೇರಿತು. ಮಣ್ಣಿಗೆ ಹಾಕಿದರೆ ಎಸೆದ ಹಾಗಲ್ಲವಂತೆ, ಅತ್ತೆಯ ತೀರ್ಪು.

ಬಿಸ್ಕತ್ತು ಹೋದ ಮೇಲೆ ಒಳಗಿಂದ ಪ್ಲೈವುಡ್ಡಿನ ಚೌಕಟ್ಟು ಹೊರಬಂತು. ಹಂತಹಂತವಾಗಿ, ಒಳ್ಳೆ ಗಟ್ಟಿಮುಟ್ಟು. ಅಲ್ಲಲ್ಲಿ ಮಿಠಾಯಿ ಅಂಟಿಕೊಂಡಿತ್ತು. ಬೀದಿಗೆ ಇಡೋಣ ಅಂತ ನಾನು ಬಾಗಿಲು ತೆಗೆಯುವಷ್ಟರಲ್ಲಿ ಅತ್ತೆ, ಅವರ ಮಗ ಇಬ್ಬರೂ ಅದನ್ನು ಅಳೆಯುತ್ತಿದ್ದರು.

"ಬಿಸಾಕ್ಬೇಡ ಕಣೇ," ಅಂದರು ಅತ್ತೆ. "ನವರಾತ್ರಿಗೆ ಗೊಂಬೆ ಕೂರಿಸೋಕೆ ಮೆಟ್ಟಿಲಾಯ್ತು. ಒಂದ್ಸಲ ಗಂಗಾಜಲ ಪ್ರೋಕ್ಷಣೆ ಮಾಡಿದ್ರೆ ಮುಗೀತು."