ಬಸ್ಸಿನ ಕಿಟಕಿಯಲ್ಲಿ ತೊಡರುವಂಥದ್ದು ಏನಿದೆ?

ಭಾನುವಾರ ಕಥಾಕಮ್ಮಟ ಮುಗಿಸಿ ಬಂದಾಗಿನಿಂದ ತಡೆದುಕೊಂಡಿದ್ದೆ. ಆಗಲಿಲ್ಲ, ಬರೆಯುತ್ತಿದ್ದೇನೆ.

14 ಕಥೆ ಓದಿದೆ. 9ರಲ್ಲಿ ಬಸ್ಸು. ನಾಯಕ ಊರಿಗೆ ಹೊರಟಿದ್ದಾನೆ, ಕಿಟಕಿ ಪಕ್ಕದ ಸೀಟು, ತಣ್ಣನೆ ಗಾಳಿ, ಕಣ್ಣು ಮುಚ್ಚಿ ನೆನಪಿಗೆ ಜಾರುತ್ತಾನೆ. ಆಮೇಲೆ ಮೂರು ಪುಟ ಬಾಲ್ಯ. ಅಪ್ಪನ ಸಿಟ್ಟು, ಅಮ್ಮನ ಸೆರಗು, ಶಾಲೆಯ ಮೇಷ್ಟ್ರು. ಕಂಡಕ್ಟರ್ ಕೂಗಿದಾಗ ಎಚ್ಚರ. ಕಥೆ ಹುಟ್ಟಬೇಕಾದ್ದು ಅಲ್ಲಿ, ಉಳಿದಿರುವುದು ಅರ್ಧ ಪುಟ!

ಬರೆದವರು ದಡ್ಡರಲ್ಲ. ವಾಕ್ಯ ಚೆನ್ನಾಗಿವೆ, ಅನುಭವ ನಿಜದ್ದು. ಅದಕ್ಕೇ ಸಂಕಟ. ಹೇಳುವ ಸಂಗತಿ ಕೈಯಲ್ಲಿದ್ದೂ ಎಲ್ಲಿಂದ ಎತ್ತಿಕೊಳ್ಳಬೇಕು ಅನ್ನೋದನ್ನು ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ಇಷ್ಟು ವರ್ಷ ಹಳಗನ್ನಡ ಪಾಠ ಮಾಡಿದ ನಾನೂ ಸೇರಿದಂತೆ. ರನ್ನನ ಗದಾಯುದ್ಧ ಕಾವ್ಯಕ್ಕೆ ಬಂದಾಗ ‘ಸಿಂಹಾವಲೋಕನ ಕ್ರಮ’ (ಸಿಂಹದಂತೆ ಹಿಂತಿರುಗಿ ನೋಡುತ್ತ ಹಿಂದಿನ ಕಥೆ ಹೇಳುವುದು) ಅಂತ ಒಂದು ಟಿಪ್ಪಣಿ ಬರೆಸಿ ಮುಂದೆ ಹೋಗಿಬಿಡುತ್ತಿದ್ದೆವು.

ರನ್ನ ಮಾಡಿದ್ದೇನು ನೋಡಿ. 941ರಲ್ಲೇ ಪಂಪ 14 ಆಶ್ವಾಸಗಳಲ್ಲಿ, ಅಂದರೆ ಅಧ್ಯಾಯಗಳಲ್ಲಿ, ಇಡೀ ಮಹಾಭಾರತ ಹೇಳಿಯಾಗಿತ್ತು. ಅವನ ನಂತರ ಬಂದ ಮುಧೋಳದ ಈ ಕವಿ ಅದರ 13ನೆಯ ಆಶ್ವಾಸದ ಪ್ರಸಂಗವನ್ನಷ್ಟೇ ಹಿಡಿದು 10 ಆಶ್ವಾಸದ ಕಾವ್ಯ ಕಟ್ಟಿದ. ದ್ರೋಣ, ಕರ್ಣ ಬಿದ್ದಾಗಿದೆ, ಭೀಷ್ಮ ಶರಶಯ್ಯೆಯಲ್ಲಿದ್ದಾನೆ. ಬಾಕಿ ಇರುವುದು ಭೀಮ ದುರ್ಯೋಧನರ ಗದೆಯ ಕಾಳಗ. ಹಿಂದಿನದ್ದೆಲ್ಲ ಹೇಗೆ ಬರಬೇಕು? ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ಭೀಷ್ಮನಿದ್ದಲ್ಲಿಗೆ ನಡೆಯುತ್ತಾನೆ. ದ್ರೋಣನ ಹೆಣ ಎದುರಾಗುತ್ತದೆ. ಅಭಿಮನ್ಯುವಿನದ್ದು ಎದುರಾದಾಗ ಶತ್ರುವಿನ ಮಗನೆಂದು ನೋಡದೆ ಹೊಗಳುತ್ತಾನೆ. ತನ್ನ ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಆಮೇಲೆ ಕರ್ಣ. ಒಂದೊಂದು ಹೆಣವೂ ಅವನನ್ನು ನಿಲ್ಲಿಸಿ ಹಳೆಯದನ್ನು ಬಾಯಿಗೆ ತರಿಸುತ್ತದೆ. ನೆನಪು ಕಾಲಿಗೆ ತೊಡರುತ್ತದೆ. ಬಸ್ಸಿನ ಕಿಟಕಿಯಲ್ಲಿ ತೊಡರುವಂಥದ್ದು ಏನೂ ಇಲ್ಲ. ಅಲ್ಲಿ ನೆನಪು ಬರುವುದು ಬರೆಯುವವರಿಗೆ ಬೇಕಾದ್ದರಿಂದ.

ಕಮ್ಮಟದಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ ಎದ್ದು, “ಸರ್, ಕಥೆ ತಾನಾಗಿ ಹರೀಬೇಕಲ್ವಾ? ಲೆಕ್ಕ ಹಾಕಿ ಬರೆದ್ರೆ ಜೀವ ಹೋಗತ್ತೆ” ಅಂದ. ಮೊದಲ ಕರಡಿಗೆ ಸರಿ, ಹರಿಯಲಿ. ಹರಿದದ್ದನ್ನೇ ಸ್ಪರ್ಧೆಗೆ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಅಡಿಕೆ ಕೊನೆ ಇಳಿಸಿದ ಮೇಲೆ ಸುಲಿದು, ಬೇಯಿಸಿ, ಒಣಗಿಸಿಯೇ ಮಂಡಿಗೆ ಒಯ್ಯುವುದು. ಅದರಿಂದ ಯಾವ ಅಡಿಕೆಯ ಜೀವವೂ ಹೋಗಿಲ್ಲ.

ಇದನ್ನು ಹೇಳುವಾಗ ದನಿ ಏರಿಬಿಟ್ಟಿತು. ಕಾರಣವಿದೆ. ಅಪ್ಪ ತೀರಿಕೊಂಡ ವರ್ಷ ಬರೆದ ಕಥೆ ಪತ್ರಿಕೆಯೊಂದರಿಂದ ವಾಪಸ್ ಬಂದಿತ್ತು. ನಾಲ್ಕನೇ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ “ಇಲ್ಲಿಂದ ಶುರು ಮಾಡಿ” ಎಂದಿತ್ತು. ಮೊದಲ ಮೂರು ಪುಟ ಅಪ್ಪನ ಬದುಕು. ಅವರನ್ನೇ ಕತ್ತರಿಸಿ ಎಸೆಯಿರಿ ಅಂದ ಹಾಗಾಯಿತು. ಎರಡು ವರ್ಷ ಆ ಹಾಳೆ ಮುಟ್ಟಲಿಲ್ಲ. ಆಮೇಲೊಂದು ರಾತ್ರಿ ಓದಿದರೆ, ಮೂರು ಪುಟದ ತುಂಬ ನನ್ನದೇ ದುಃಖ. ಅಪ್ಪ ಸಿಕ್ಕಿದ್ದು ನಾಲ್ಕನೇ ಪುಟದಲ್ಲಿ, ಅವರ ಕನ್ನಡಕದ ಕಾಲಿಗೆ ಸುತ್ತಿದ್ದ ದಾರ ನನ್ನ ಕೈಗೆ ಬಂದಲ್ಲಿ.

ಕಮ್ಮಟದ ಕೊನೆಗೆ ಒಬ್ಬ ಹುಡುಗಿ ತನ್ನ ಕಥೆಯಿಂದ ಬಸ್ಸನ್ನು ತೆಗೆದಳು. ಮನೆ ಪಾಲಾಗುವ ಕಥೆ. ಈಗ ಹೀಗೆ ಶುರು: “ಹಂಡೆ ತೂಗುವವರು ಬಂದಾಗ ಅಜ್ಜಿ ಅದರಲ್ಲಿ ನೀರು ಕಾಯಿಸುತ್ತಿದ್ದಳು.” ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಹಂಡೆಯ ಕಂಠದಲ್ಲಿ ಒಂದು ನೆಗ್ಗು ಇದೆಯಂತೆ, ಅಜ್ಜಿ ಮದುವೆಯಾಗಿ ಬಂದ ವರ್ಷದ್ದು. ಅದು ಹೇಗಾಯಿತು ಅಂತ ಕೇಳಿದೆ. “ತೂಗುವವನು ಕೇಳ್ತಾನೆ ಸರ್, ಆಗ ಹೇಳ್ತೀನಿ” ಅಂದಳು.